ರಿಮೋಟ್ ಎಂಜಿನ್ ಸ್ಟಾರ್ಟ್ ಹಾಕಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿಯೊಳಗೆ ಕೂರದೆ, ಕೀ ತಿರುಗಿಸದೆ ದೂರದಿಂದಲೇ ಎಂಜಿನ್ ಶುರು ಮಾಡುವ ಸಿಸ್ಟಂ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಮೊದಲ ಭಾಗಗಳು ಗಾಡಿ ಮಾಲೀಕರಿಗೆ, ಕೊನೆಯ ಭಾಗ ಮಲ್ಟಿಮೀಟರ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕುವವರಿಗೆ. ಎಂಜಿನ್ ಶುರು ಮಾಡಿಸುವುದು ಈ ಕೆಲಸದ ಸುಲಭ ಭಾಗ. ಶುರುವಾಗಬಾರದ ಹೊತ್ತಿನಲ್ಲಿ ಶುರುವಾಗದಂತೆ, ನಿಲ್ಲಬೇಕಾದಾಗ ತಪ್ಪದೆ ನಿಲ್ಲುವಂತೆ ಮಾಡುವುದೇ ಕಷ್ಟದ್ದು. ಕೆಲಸ ಒಳ್ಳೆಯದೋ ಕೆಟ್ಟದೋ ಎಂದು ಅಳೆಯಬೇಕಾದ್ದೂ ಅದರಿಂದಲೇ.

## ಮೊದಲು ಕೇಳುವವು

ರಿಮೋಟ್ ಬಟನ್ ಒತ್ತಿದಾಗ ಗಾಡಿಯೊಳಗೆ ಏನೇನಾಗುತ್ತದೆ?

ಮುಂದಿನ ಗಾಜಿಗೆ ಅಂಟಿಸಿದ ಆಂಟೆನಾ ಸಿಗ್ನಲ್ ಹಿಡಿದು, ಡ್ಯಾಶ್‌ಬೋರ್ಡಿನ ಒಳಗಿರುವ ಮಾಡ್ಯೂಲಿಗೆ ಕೊಡುತ್ತದೆ. ಮಾಡ್ಯೂಲ್ ಮೊದಲು ಬಾನೆಟ್ ಮುಚ್ಚಿದೆಯೇ, ಬ್ರೇಕ್ ಪೆಡಲ್ ಮೇಲೆ ಕಾಲಿಲ್ಲವೇ, ಗೇರ್ ಪಾರ್ಕ್‌ನಲ್ಲಿದೆಯೇ ಎಂದು ನೋಡುತ್ತದೆ. ಎಲ್ಲ ಸರಿಯಿದ್ದರೆ ಪಾರ್ಕಿಂಗ್ ಲೈಟ್ ಮಿನುಗಿ, ಇಗ್ನಿಷನ್ ಆನ್ ಆಗುತ್ತದೆ. ಫ್ಯೂಯೆಲ್ ಪಂಪಿನಲ್ಲಿ ಒತ್ತಡ ಏರಲು ಒಂದೆರಡು ಸೆಕೆಂಡ್ ಬಿಟ್ಟು, ಸೆಲ್ಫ್ ಮೋಟರಿನ ವೈರಿಗೆ 12 ವೋಲ್ಟ್ ಹೋಗುತ್ತದೆ. ಇಷ್ಟರಲ್ಲಿ ಬೈಪಾಸ್ ಮಾಡ್ಯೂಲ್, ‘ಸರಿಯಾದ ಕೀ ಇದೆ’ ಎಂದು, ಸರಿಯಾದ ಕೀ ಇಲ್ಲದೆ ಎಂಜಿನ್ ಓಡಲು ಬಿಡದ ಇಮೊಬಿಲೈಜರಿಗೆ ಹೇಳಿರುತ್ತದೆ. ಎಂಜಿನ್ ಹತ್ತಿಕೊಂಡಿತೆಂದು ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ನೋಡಿ ತಿಳಿದ ಕೂಡಲೇ ಸೆಲ್ಫ್ ಬಿಡುತ್ತದೆ. ಎಸಿ, ಬ್ಲೋವರ್ ಲೈನುಗಳು ಆನ್ ಆಗುತ್ತವೆ. ನಿಗದಿತ ಸಮಯದೊಳಗೆ ಯಾರೂ ಬಂದು ಕೀ ಹಾಕದಿದ್ದರೆ ಎಂಜಿನ್ ತಾನಾಗಿ ನಿಲ್ಲುತ್ತದೆ.

ಎಂಜಿನ್ ಓಡ್ತಾ ಇರುವಾಗ ಯಾರಾದ್ರೂ ಗಾಜು ಒಡೆದು ಒಳಗೆ ಕೂತು ಓಡಿಸಿಕೊಂಡು ಹೋದ್ರೆ?

ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರ್ ಪಾರ್ಕ್‌ನಿಂದ ಹೊರಬರಬೇಕಾದರೆ ಬ್ರೇಕ್ ತುಳಿಯಲೇಬೇಕು. ಕೀ ಇಲ್ಲದೆ ಬ್ರೇಕ್ ತುಳಿದರೆ ಎಂಜಿನ್ ಆ ಕ್ಷಣವೇ ಆಫ್. ಕೀ ಹಾಕುವ ಗಾಡಿಗಳಲ್ಲಿ ಸ್ಟೇರಿಂಗ್ ಲಾಕ್ ಕೂಡ ಬಿದ್ದೇ ಇರುತ್ತದೆ. ಆದರೆ ಈ ರಕ್ಷಣೆಯೆಲ್ಲ ನಿಂತಿರುವುದು ಬ್ರೇಕ್ ವೈರ್ ಸರಿಯಾಗಿ ಜೋಡಣೆಯಾಗಿದ್ದರೆ ಮಾತ್ರ. ಗಾಜು ಒಡೆದು ಒಳಗಿನ ಸಾಮಾನು ಎತ್ತಿಕೊಂಡು ಹೋಗುವವರನ್ನು ಇದು ತಡೆಯುವುದಿಲ್ಲ. ಅದಕ್ಕೆ ಅಲಾರಂ ಬೇರೆ ಬೇಕು.

ರಿಮೋಟಲ್ಲಿ ಶುರು ಮಾಡಿದ ಗಾಡೀನ ಮುಂದೆ ಓಡಿಸೋದು ಹೇಗೆ?

ಕೀ ಇರುವ ಗಾಡಿಯಲ್ಲಿ: ಲಾಕ್ ತೆಗೆದು ಕೂತು, ಕೀ ಹಾಕಿ ಆನ್ ತನಕ ಮಾತ್ರ ತಿರುಗಿಸಿ. ಅಭ್ಯಾಸಬಲದಿಂದ ಸ್ಟಾರ್ಟ್ ತನಕ ತಿರುಗಿಸಿಬಿಟ್ಟರೆ ಓಡುತ್ತಿರುವ ಎಂಜಿನ್ ಮೇಲೆ ಸೆಲ್ಫ್ ಹೊಡೆದು ಕರಕರ ಸದ್ದು ಬರುತ್ತದೆ. ಆನ್ ಮಾಡಿದ ನಂತರ ಬ್ರೇಕ್ ತುಳಿಯಿರಿ, ಗೇರ್ ಹಾಕಿ. ಪುಷ್ ಬಟನ್ ಗಾಡಿಯಲ್ಲಿ ಕೀ ಜೇಬಿನಲ್ಲಿದ್ದರೆ ಬ್ರೇಕ್ ತುಳಿದಾಗ ಗಾಡಿ ನಿಮ್ಮ ಕೈಗೆ ಬರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಬಾಗಿಲು ತೆರೆದ ಕೂಡಲೇ ಎಂಜಿನ್ ನಿಂತು, ಮತ್ತೆ ಬಟನ್ ಒತ್ತಬೇಕಾಗುತ್ತದೆ. ಇದು ಗಾಡಿಯ ಕಂಪ್ಯೂಟರಿನದೇ ನಿಯಮವಾಗಿದ್ದರೆ ಫಿಟ್ಟಿಂಗ್ ಮಾಡಿದವರನ್ನು ದೂರಿ ಪ್ರಯೋಜನವಿಲ್ಲ. ನಿಮ್ಮ ಮಾಡೆಲ್ ಹೇಗೆ ಎಂದು ಮೊದಲೇ ಕೇಳಿಕೊಳ್ಳಿ.

ಗ್ಯಾರೇಜಿನೊಳಗೆ ನಿಲ್ಲಿಸಿ ಶುರು ಮಾಡಬಹುದಾ? ಬಾಗಿಲು ಸ್ವಲ್ಪ ತೆಗೆದಿರ್ತೀನಿ.

ಬೇಡ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಕೆಲವೇ ನಿಮಿಷಗಳಲ್ಲಿ ಜೀವ ತೆಗೆಯುವಷ್ಟು ಸೇರಿಕೊಳ್ಳುತ್ತದೆ, ಗೋಡೆಗೆ ಅಂಟಿದ ಕೋಣೆಗಳಿಗೂ ನುಗ್ಗುತ್ತದೆ. ಬಾಗಿಲು ಅರ್ಧ ತೆರೆದಿಟ್ಟರೆ ಸಾಲದು. ಬೇಕೆಂದೇ ಒತ್ತುವುದಕ್ಕಿಂತ, ಜೇಬಿನಲ್ಲೋ ಮಕ್ಕಳ ಕೈಯಲ್ಲೋ ಬಟನ್ ತಾನಾಗಿ ಒತ್ತಿ ಹೋಗುವುದು ಹೆಚ್ಚು ಅಪಾಯ. ಗಾಡಿ ರಾತ್ರಿ ಮುಚ್ಚಿದ ಗ್ಯಾರೇಜಿನಲ್ಲೇ ನಿಲ್ಲುವುದಾದರೆ ರಿಮೋಟ್ ಸ್ಟಾರ್ಟನ್ನು ಪೂರ್ತಿ ಆಫ್ ಮಾಡುವ ಸ್ವಿಚ್ ಕೈಗೆಟುಕುವಲ್ಲಿ ಹಾಕಿಸಿ. ಒಂದೇ ಒತ್ತಿಗೆ ಶುರುವಾಗುವಂತೆ ಇಡಬೇಡಿ, ಎರಡು ಸಲ ಒತ್ತುವಂತೆ ಪ್ರೋಗ್ರಾಂ ಮಾಡಿಸಿ. ಸರ್ವಿಸಿಗೆ ಗಾಡಿ ಬಿಡುವಾಗಲೂ ಆ ಸ್ವಿಚ್ ಆಫ್ ಇರಲಿ.

ಎಷ್ಟು ನಿಮಿಷಕ್ಕೆ ಸೆಟ್ ಮಾಡಿಸಲಿ?

ಸಾಮಾನ್ಯವಾಗಿ 10, 15, 20 ನಿಮಿಷದ ಆಯ್ಕೆಗಳಿರುತ್ತವೆ. 10 ಸಾಕು. ಅದಕ್ಕಿಂತ ಹೆಚ್ಚು ಬೇಕಾಗುವುದು ಗಾಜಿನ ಮೇಲೆ ಹಿಮ ಕಟ್ಟುವ ಚಳಿಯಲ್ಲಿ ಮಾತ್ರ. ಚಾಲಕರಿಲ್ಲದೆ ಎಂಜಿನ್ ಓಡಿಸಿಡುವುದನ್ನು ನಿಷೇಧಿಸಿದ ಊರುಗಳಿವೆ, ನಿಮ್ಮಲ್ಲಿ ಹೇಗೆ ಎಂದು ನೋಡಿಕೊಳ್ಳಿ.

## ನನ್ನ ಗಾಡಿಗೆ ಆಗುತ್ತಾ?

ನಂದು ಮ್ಯಾನ್ಯುವಲ್ ಗೇರ್. ಆಗಲ್ಲ ಅಂತ ಒಬ್ಬರು, ಆಗುತ್ತೆ ಅಂತ ಇನ್ನೊಬ್ಬರು. ಯಾವುದು ನಿಜ?

ಆಗುತ್ತದೆ, ಆದರೆ ಮ್ಯಾನ್ಯುವಲ್ ಗಾಡಿಗೆಂದೇ ಲಾಜಿಕ್ ಇರುವ ಮಾಡ್ಯೂಲ್ ಹಾಕಿದರೆ ಮಾತ್ರ. ಗಾಡಿ ಗೇರಿನಲ್ಲಿದ್ದಾಗ ಸೆಲ್ಫ್ ಹೊಡೆದರೆ ಗಾಡಿಯೇ ಮುಂದಕ್ಕೆ ನುಗ್ಗುತ್ತದೆ. ಮಾಮೂಲಾಗಿ ಇದನ್ನು ತಡೆಯುವುದು ಕ್ಲಚ್ ಸ್ವಿಚ್. ರಿಮೋಟ್ ಸ್ಟಾರ್ಟ್ ಹಾಕುವಾಗ ಅದನ್ನೇ ಬೈಪಾಸ್ ಮಾಡಬೇಕಾಗುತ್ತದೆ. ಆದ್ದರಿಂದ ನ್ಯೂಟ್ರಲ್‌ನಲ್ಲೇ ನಿಲ್ಲಿಸಿದ್ದೀರಿ ಎಂದು ಮಾಡ್ಯೂಲಿಗೆ ಬೇರೆ ದಾರಿಯಲ್ಲಿ ಖಚಿತವಾಗಬೇಕು.

ಅದಕ್ಕೆ ಹೀಗೆ ಮಾಡುತ್ತಾರೆ. ಎಂಜಿನ್ ಓಡುತ್ತಿರುವಾಗಲೇ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕಿನಿಂದ ಕಾಲು ತೆಗೆದು ರಿಮೋಟ್ ಒತ್ತಬೇಕು. ಆಮೇಲೆ ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ಇಳಿದು, ಎಲ್ಲ ಬಾಗಿಲು ಮುಚ್ಚಿ ಲಾಕ್ ಮಾಡಿದಾಗ ಎಂಜಿನ್ ನಿಲ್ಲುತ್ತದೆ. ನೀವು ಕ್ಲಚ್ ಬಿಟ್ಟು ಇಳಿದ ಮೇಲೂ ಎಂಜಿನ್ ಓಡುತ್ತಿತ್ತು ಎಂದರೆ ಗೇರ್ ಬಿದ್ದಿಲ್ಲ ಎಂದೇ ಅರ್ಥ. ನಂತರ ಒಂದು ಬಾಗಿಲು ತೆರೆದರೂ, ಬಾನೆಟ್ ಎತ್ತಿದರೂ, ಹ್ಯಾಂಡ್‌ಬ್ರೇಕ್ ಇಳಿಸಿದರೂ ಆ ಅನುಮತಿ ರದ್ದಾಗುತ್ತದೆ. ರಿಮೋಟ್ ಕೆಲಸ ಮಾಡುವುದಿಲ್ಲ.

ಹಾಗಾಗಿ ಎಲ್ಲ ಬಾಗಿಲಿನ ಸ್ವಿಚ್, ಹಿಂದಿನ ಡಿಕ್ಕಿ ಬಾಗಿಲಿನದೂ ಸೇರಿ, ಮಾಡ್ಯೂಲಿಗೆ ತಲುಪಿರಬೇಕು. ಬರೀ ಚಾಲಕನ ಬಾಗಿಲಿನದನ್ನು ಜೋಡಿಸಿ ಕೈತೊಳೆದುಕೊಳ್ಳುವ ಫಿಟ್ಟಿಂಗ್ ಅಪಾಯಕಾರಿ. ಕಿಟಕಿ ಗಾಜು ಇಳಿಸಿಟ್ಟರೆ ಯಾರಾದರೂ ಕೈ ಹಾಕಿ ಗೇರ್ ತಳ್ಳಬಹುದು, ಅದು ಯಾವ ಸ್ವಿಚ್ಚಿಗೂ ಗೊತ್ತಾಗುವುದಿಲ್ಲ. ಮೇಲ್ಛಾವಣಿ ತೆರೆಯುವ ಗಾಡಿಗೆ, ಹ್ಯಾಂಡ್‌ಬ್ರೇಕ್ ಸವೆದ ಗಾಡಿಗೆ, ಇಳಿಜಾರಿನಲ್ಲಿ ಗೇರ್ ಹಾಕಿಯೇ ನಿಲ್ಲಿಸುವ ಅಭ್ಯಾಸದವರಿಗೆ ಇದು ಬೇಡವೇ ಬೇಡ. ಆಟೋಮ್ಯಾಟಿಕ್ ಗಾಡಿಯ ಮಾಡ್ಯೂಲ್ ತಂದು ಗೇರ್ ಬಿದ್ದಿಲ್ಲವೆಂದು ತಿಳಿಸುವ ನ್ಯೂಟ್ರಲ್ ವೈರನ್ನು ಶಾಶ್ವತವಾಗಿ ಅರ್ಥ್ ಮಾಡಿ ‘ಆಯ್ತು’ ಎನ್ನುವವರಿದ್ದರೆ ಗಾಡಿ ವಾಪಸ್ ತೆಗೆದುಕೊಂಡು ಬನ್ನಿ.

ಡೀಸೆಲ್ ಗಾಡಿಗೆ?

ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಕಾದು ಬಿಸಿಯಾಗುವ ತನಕ ಸೆಲ್ಫ್ ಹೊಡೆಯಬಾರದು. ಗ್ಲೋ ಪ್ಲಗ್ ದೀಪದ ವೈರನ್ನು ಮಾಡ್ಯೂಲಿಗೆ ಕೊಟ್ಟು ದೀಪ ಆರಿದ ಮೇಲೆ ಸೆಲ್ಫ್ ಹೊಡೆಯುವಂತೆ ಮಾಡುವುದು ಉತ್ತಮ ದಾರಿ. ಆ ವೈರ್ ಸಿಗದಿದ್ದರೆ 10ರಿಂದ 20 ಸೆಕೆಂಡಿನ ಕಾಯುವಿಕೆಯನ್ನು ಪ್ರೋಗ್ರಾಂ ಮಾಡಬಹುದು. ಪೆಟ್ರೋಲ್ ಸೆಟ್ಟಿಂಗಿನಲ್ಲೇ ಬಿಟ್ಟರೆ ಸೆಖೆಗಾಲದಲ್ಲಿ ಏನೂ ತಿಳಿಯದು, ಚಳಿ ಬಿದ್ದ ದಿನ ಶುರುವಾಗದು.

ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗೆ ಹಾಕಿಸಬಹುದಾ?

ಎಲೆಕ್ಟ್ರಿಕ್ ಗಾಡಿಯಲ್ಲಿ ಶುರು ಮಾಡಲು ಎಂಜಿನ್ನೇ ಇಲ್ಲ. ದೂರದಿಂದ ಎಸಿ ಆನ್ ಮಾಡುವ ಸೌಲಭ್ಯ ತಯಾರಕರ ಆ್ಯಪಿನಲ್ಲಿದ್ದರೆ ಅದೇ ಸಾಕು. ಹೈಬ್ರಿಡ್‌ನಲ್ಲಿ ಗಾಡಿ ‘ರೆಡಿ’ ಸ್ಥಿತಿಗೆ ಬಂದರೂ ಎಂಜಿನ್ ಓಡಬೇಕೆಂದೇನಿಲ್ಲ. ಆ ಮಾಡೆಲ್‌ಗೆಂದೇ ಬೈಪಾಸ್ ಸಿಕ್ಕರೆ ಮಾತ್ರ ಯೋಚಿಸಿ.

ಒಂದು ಸ್ಪೇರ್ ಕೀಯನ್ನು ಗಾಡಿಯೊಳಗೆ ಬಚ್ಚಿಡಬೇಕು ಅಂತಾರೆ. ಸರಿಯಾ?

ಅದು ಹಳೆಯ ವಿಧಾನ. ಕೀ ತಲೆಯಲ್ಲಿರುವ ಚಿಪ್ ಗಾಡಿಯ ಇಮೊಬಿಲೈಜರಿಗೆ ಕಾಣಬೇಕೆಂದು, ಒಂದು ಕೀಯನ್ನು ಪೆಟ್ಟಿಗೆಯಲ್ಲಿಟ್ಟು ಡ್ಯಾಶ್‌ಬೋರ್ಡಿನೊಳಗೆ ಕಟ್ಟುತ್ತಿದ್ದರು. ಗಾಡಿಯೊಳಗೇ ಕೀ ಇಟ್ಟರೆ ಕಳ್ಳರಿಗೆ ಅರ್ಧ ಕೆಲಸ ಮುಗಿದಂತೆ. ಈಗ ಹೆಚ್ಚಿನ ಮಾಡೆಲ್‌ಗಳಿಗೆ ಡೇಟಾ ಬೈಪಾಸ್ ಮಾಡ್ಯೂಲ್ ಇದೆ; ಅದು ಗಾಡಿಯ ಡೇಟಾ ಲೈನಿಗೆ ಸೇರಿ, ರಿಮೋಟ್ ಸ್ಟಾರ್ಟ್ ಓಡುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ಇದಕ್ಕೆ ಮಾಡೆಲ್ ಮತ್ತು ವರ್ಷಕ್ಕೆ ಹೊಂದುವ ಸಾಫ್ಟ್‌ವೇರ್ ಹಾಕಬೇಕು. ಎಷ್ಟೋ ಗಾಡಿಗಳಲ್ಲಿ ಎರಡು ಕೀಗಳೂ ಬೇಕಾಗುವುದರಿಂದ, ಕೆಲಸಕ್ಕೆ ಹೋಗುವಾಗ ಇರುವ ಕೀಗಳನ್ನೆಲ್ಲ ಒಯ್ಯಿರಿ.

ಬ್ಯಾಟರಿ ನಾಲ್ಕು ವರ್ಷದ್ದು. ತೊಂದರೆ ಇದೆಯಾ?

ವಯಸ್ಸಿಗಿಂತ ಮೀಟರ್ ನಂಬಿ. ಗಾಡಿ ರಾತ್ರಿ ನಿಂತ ಮೇಲೆ 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್, 12.2 ಎಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿ ಬದಲಿಸಿ, ನಂತರ ಇದರ ಮಾತು. ಸಿಗ್ನಲಿಗಾಗಿ ಕಾಯುತ್ತಾ ಕೂತಿರುವ ಮಾಡ್ಯೂಲ್ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. ಗಾಡಿ ಪೂರ್ತಿ ನಿದ್ದೆಗೆ ಹೋದ ಮೇಲೆ ಒಟ್ಟು ಎಳೆತ 50 ಮಿಲಿಆಂಪ್ ಒಳಗಿರಬೇಕು. ವಾರಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಇದನ್ನು ಅಳೆಸಿಯೇ ತನ್ನಿ.

ಹಾಕಿಸಿದರೆ ಕಂಪನಿ ವಾರಂಟಿ ಹೋಗುತ್ತಾ?

ಹಾಕಿಸುವ ಮೊದಲು ಡೀಲರ್ ಹತ್ತಿರ ಬರವಣಿಗೆಯಲ್ಲಿ ಕೇಳಿ. ಮೂಲ ವೈರ್ ಕತ್ತರಿಸದೆ ಟಿ-ಹಾರ್ನೆಸ್ (ನಡುವೆ ಸಿಕ್ಕಿಸುವ ಸಿದ್ಧ ವೈರಿಂಗ್) ಬಳಸಿದ ಕೆಲಸವನ್ನು ಬೇಕಾದಾಗ ಬಿಚ್ಚಿ ಮೊದಲಿನಂತೆ ಮಾಡಬಹುದು. ಸುಲಿದ ವೈರಿಗೆ ಆ ಅನುಕೂಲವಿಲ್ಲ.

## ಕೆಲಸ ಮಾಡಿಸುವ ದಿನ

ಎಷ್ಟು ಹೊತ್ತು ಹಿಡಿಯುತ್ತದೆ? ಟಿ-ಹಾರ್ನೆಸ್ ಅಂದರೇನು?

ಗಾಡಿಯ ಇಗ್ನಿಷನ್ ಕಪ್ಲರ್ (ವೈರುಗಳು ಸೇರುವ ಪ್ಲಗ್) ಬಿಚ್ಚಿ, ಅದರ ಎರಡು ತುದಿಗಳ ನಡುವೆ ಸಿಕ್ಕಿಸುವ ಸಿದ್ಧ ವೈರಿಂಗೇ ಟಿ-ಹಾರ್ನೆಸ್. ಅದಿದ್ದರೆ ಎರಡು-ಮೂರು ಗಂಟೆ. ಒಂದೊಂದೇ ವೈರ್ ಹುಡುಕಿ ಜೋಡಿಸುವುದಾದರೆ ಅರ್ಧ ದಿನ, ಕೆಲವೊಮ್ಮೆ ಇಡೀ ದಿನ. ಟಿ-ಹಾರ್ನೆಸ್ ಹಾಕಿದರೂ ಬಾನೆಟ್ ಸ್ವಿಚ್, ಆಂಟೆನಾ, ಕೆಲವು ಗಾಡಿಗಳಲ್ಲಿ ಬ್ರೇಕ್ ಮತ್ತು ಹ್ಯಾಂಡ್‌ಬ್ರೇಕ್ ವೈರುಗಳನ್ನು ಪ್ರತ್ಯೇಕವಾಗಿ ಎಳೆಯಲೇಬೇಕು. ‘ಅರ್ಧ ಗಂಟೆ ಸಾಕು’ ಎಂದವರು ಬಾನೆಟ್ ಸ್ವಿಚ್ ಹಾಕುತ್ತಾರೋ ಇಲ್ಲವೋ ಕೇಳಿ ನೋಡಿ. ಮೆಕ್ಯಾನಿಕ್ ಫ್ಯಾನ್ ಬೆಲ್ಟ್ ಹತ್ತಿರ ಕೈ ಇಟ್ಟಾಗ ಎಂಜಿನ್ ಶುರುವಾಗದಂತೆ ತಡೆಯುವುದು ಆ ಒಂದು ಸಣ್ಣ ಸ್ವಿಚ್.

ಗಾಡಿ ವಾಪಸ್ ತಗೊಳ್ಳುವಾಗ ನಾನೇ ಏನು ಪರೀಕ್ಷೆ ಮಾಡಬೇಕು?

ಬಯಲಿನಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದ ಕಡೆ ಮಾಡಿ:

1. ರಿಮೋಟಲ್ಲಿ ಶುರು ಮಾಡಿ, ಕೀ ಹಾಕದೆ ಬ್ರೇಕ್ ತುಳಿಯಿರಿ. ತಕ್ಷಣ ನಿಲ್ಲಬೇಕು.
2. ಮತ್ತೆ ಶುರು ಮಾಡಿ, ಬಾನೆಟ್ ಎತ್ತಿ. ನಿಲ್ಲಬೇಕು. ಬಾನೆಟ್ ತೆರೆದಿರುವಾಗಲೇ ರಿಮೋಟ್ ಒತ್ತಿದರೆ ಶುರುವಾಗಬಾರದು.
3. ಆಫ್ ಸ್ವಿಚ್ ಹಾಕಿ ರಿಮೋಟ್ ಒತ್ತಿ. ಏನೂ ಆಗಬಾರದು.
4. ಆಟೋಮ್ಯಾಟಿಕ್ ಗಾಡಿಗೆ ಗೇರ್ ಪರೀಕ್ಷೆ: ಚಕ್ರಕ್ಕೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಾಲಕನ ಸೀಟಿನಲ್ಲಿ ಕೂತು ಕೀ ಆನ್ ಮಾಡಿ, ಎಂಜಿನ್ ಮಾತ್ರ ಶುರು ಮಾಡಬೇಡಿ. ಬ್ರೇಕ್ ತುಳಿದು ಗೇರ್ ಡ್ರೈವ್‌ಗೆ ತನ್ನಿ. ಕಾಲನ್ನು ಪೆಡಲ್ ಮೇಲೆಯೇ, ತಾಗದಂತೆ ಹಿಡಿದು ರಿಮೋಟ್ ಒತ್ತಿ. ಸೆಲ್ಫ್ ಹೊಡೆಯಲೇಬಾರದು. ಹೊಡೆದರೆ ತಕ್ಷಣ ಬ್ರೇಕ್ ತುಳಿಯಿರಿ; ಅದು ಸರಿಯಾಗುವ ತನಕ ಗಾಡಿ ಒಯ್ಯಬೇಡಿ.
5. ಶುರುವಾದ ಮೇಲೆ ಎಸಿ, ಬ್ಲೋವರ್ ಎಲ್ಲ ಸ್ಪೀಡಿನಲ್ಲಿ ಬರುತ್ತಿದೆಯೇ, ಡ್ಯಾಶ್‌ಬೋರ್ಡಿನಲ್ಲಿ ಹೊಸ ಎಚ್ಚರಿಕೆ ದೀಪ ಹತ್ತಿದೆಯೇ ನೋಡಿ.
6. ಮಾಮೂಲಿ ಕೀಯಿಂದಲೂ ಎಂದಿನಂತೆ ಶುರುವಾಗಬೇಕು. ಇದನ್ನು ನೋಡಲು ಮರೆಯುವವರೇ ಹೆಚ್ಚು.

## ಹಾಕಿಸಿದ ಮೇಲೆ ಕಾಡುವವು

ಶುರುವಾಗಿ ಎರಡೇ ಸೆಕೆಂಡಿಗೆ ನಿಂತು ಹೋಗುತ್ತೆ. ಕೀ ಹಾಕಿದ್ರೆ ಸರಿಯಿದೆ.

ಇಮೊಬಿಲೈಜರ್ ಒಪ್ಪಿಲ್ಲ. ಬೈಪಾಸ್ ಮಾಡ್ಯೂಲ್ ಆ ಗಾಡಿಗೆ ಪ್ರೋಗ್ರಾಂ ಆಗಿಲ್ಲ, ಇಲ್ಲವೇ ರಿಮೋಟ್ ಸ್ಟಾರ್ಟ್ ಓಡುತ್ತಿದೆ ಎಂದು ಬೈಪಾಸಿಗೆ ತಿಳಿಸುವ ವೈರ್ ಕಳಚಿದೆ. ಆ ಹೊತ್ತಿನಲ್ಲಿ ಡ್ಯಾಶ್‌ಬೋರ್ಡಿನ ಕೀ ಚಿಹ್ನೆ ಅಥವಾ ಸೆಕ್ಯೂರಿಟಿ ದೀಪ ಮಿನುಗುತ್ತಿದ್ದರೆ ಅನುಮಾನವೇ ಬೇಡ. ನಿಲ್ಲುವುದು ಎರಡು ಸೆಕೆಂಡಿಗಲ್ಲದೆ ಹತ್ತು-ಹದಿನೈದು ಸೆಕೆಂಡಿಗಾದರೆ ಕಥೆ ಬೇರೆ: ಮಾಡ್ಯೂಲಿಗೆ ಆರ್‌ಪಿಎಂ ಕಾಣುತ್ತಿಲ್ಲ, ಎಂಜಿನ್ ಹತ್ತಿಲ್ಲವೆಂದುಕೊಂಡು ಆಫ್ ಮಾಡುತ್ತಿದೆ.

ಎಂಜಿನ್ ಓಡುತ್ತೆ, ಎಸಿ ಮಾತ್ರ ಬರಲ್ಲ. ಬಿಸಿಲಿಗೆ ಅಂತಲೇ ಹಾಕಿಸಿದ್ದು!

ಎರಡನೆಯ ಆ್ಯಕ್ಸೆಸರಿ ಅಥವಾ ಎರಡನೆಯ ಇಗ್ನಿಷನ್ ವೈರ್ ಜೋಡಿಸಿಲ್ಲ. ಬಹಳ ಗಾಡಿಗಳಲ್ಲಿ ಬ್ಲೋವರಿಗೆ ಪ್ರತ್ಯೇಕ ಲೈನ್ ಇರುತ್ತದೆ. ಎಂಜಿನ್ ಓಡಲು ಅದು ಬೇಕಿಲ್ಲವಾದ್ದರಿಂದ ತಪ್ಪಿಹೋಗುವುದು ಸುಲಭ. ನಾಬ್ ಇರುವ ಗಾಡಿಯಾದರೆ, ಇಳಿಯುವ ಮುಂಚೆ ಎಸಿ ಆನ್ ಸ್ಥಿತಿಯಲ್ಲೇ ಬಿಟ್ಟಿರಬೇಕು ಎನ್ನುವುದೂ ನೆನಪಿರಲಿ.

ಒಂದೊಂದು ದಿನ ಶುರುವಾಗುತ್ತೆ, ಒಂದೊಂದು ದಿನ ಬರೀ ಲೈಟ್ ಮಿನುಗುತ್ತೆ.

ಆ ಮಿನುಗುಗಳನ್ನು ಎಣಿಸಿ. ಹೆಚ್ಚಿನ ಮಾಡ್ಯೂಲ್‌ಗಳು ಕಾರಣವನ್ನು ಪಾರ್ಕಿಂಗ್ ಲೈಟಿನ ಎಣಿಕೆಯಲ್ಲೇ ಹೇಳುತ್ತವೆ. ಎಷ್ಟಕ್ಕೆ ಏನರ್ಥ ಎಂಬ ಪಟ್ಟಿ ಆಯಾ ಬ್ರಾಂಡಿನ ಕೈಪಿಡಿಯಲ್ಲಿದೆ. ಪಟ್ಟಿ ಸಿಗದಿದ್ದರೆ ಮೊದಲು ಬಾನೆಟ್ ಸ್ವಿಚ್ ನೋಡಿ. ನೀರು, ಧೂಳು ತಾಗುವ ಜಾಗದಲ್ಲಿರುವುದರಿಂದ ತುಕ್ಕು ಹಿಡಿಯುತ್ತದೆ, ಇಲ್ಲವೇ ಬಾನೆಟ್ ಸ್ವಲ್ಪ ಸಡಿಲವಾಗಿ ಕೂತಾಗ ಪಿನ್ ಪೂರ್ತಿ ಒತ್ತುವುದಿಲ್ಲ. ಆ ವೈರ್ ಕಿತ್ತುಹಾಕಿ ‘ರಿಪೇರಿ’ ಮಾಡಲು ಯಾರಿಗೂ ಬಿಡಬೇಡಿ. ಎರಡನೆಯದು ಬ್ರೇಕ್ ಲೈಟ್ ಸ್ವಿಚ್. ಹಿಂದಿನ ದೀಪ ತಾನಾಗಿ ಉರಿಯುತ್ತಿದ್ದರೆ, ಬ್ರೇಕ್ ತುಳಿದಿದ್ದೀರಿ ಎಂದೇ ಮಾಡ್ಯೂಲ್ ತಿಳಿಯುತ್ತದೆ.

ಡಬ್ಬಿ ಮೇಲೆ ಬರೆದಷ್ಟು ದೂರದಿಂದ ಕೆಲಸ ಮಾಡಲ್ಲ ಯಾಕೆ?

ಬರೆದದ್ದು ಅಡ್ಡಿಯೇ ಇಲ್ಲದ ಬಯಲಿನ ಅಳತೆ. ಕಾಂಕ್ರೀಟ್ ಗೋಡೆ ಅಡ್ಡ ಬಂದರೆ ಅರ್ಧವೂ ಉಳಿಯದು. ಆಂಟೆನಾ ಗಾಜಿನ ಮೇಲ್ಭಾಗದಲ್ಲಿ, ಲೋಹದ ಅಂಚಿನಿಂದ ನಾಲ್ಕೈದು ಸೆಂಟಿಮೀಟರ್ ಆಚೆ ಇರಬೇಕು. ಲೋಹಾಂಶವಿರುವ ಟಿಂಟ್ ಫಿಲಂ ಮೇಲೆ ಅಂಟಿಸಿದರೆ ಸಿಗ್ನಲ್ ಸಾಯುತ್ತದೆ. ರಿಮೋಟಿನ ಸೆಲ್ ಹಳತಾದರೂ ದೂರ ಕುಗ್ಗುತ್ತದೆ.

ರಿಮೋಟಲ್ಲಿ ಶುರು ಮಾಡಿ ಬಾಗಿಲು ತೆಗೆದರೆ ಹಾರ್ನ್ ಹೊಡ್ಕೊಳ್ಳುತ್ತೆ.

ಗಾಡಿಯ ಸ್ವಂತ ಅಲಾರಂ ಆಫ್ ಆಗಿಲ್ಲ. ಮಾಡ್ಯೂಲ್ ಲಾಕ್ ತೆಗೆಯುತ್ತದೆ, ಅಲಾರಮಿಗೆ ಹೇಳುವುದಿಲ್ಲ. ಅಲಾರಂ ಆಫ್ ಮಾಡುವ ಡಿಸ್ಆರ್ಮ್ ವೈರ್ ಜೋಡಿಸಿಕೊಂಡರೆ ಮುಗಿಯಿತು.

## ವೈರಿಂಗ್ ಬಲ್ಲವರಿಗೆ

ಇಗ್ನಿಷನ್ ಕಪ್ಲರಿನಲ್ಲಿ ಯಾವ ವೈರ್ ಯಾವುದು ಅಂತ ಗುರುತಿಸೋದು ಹೇಗೆ?

ಬಣ್ಣದ ಪಟ್ಟಿಯನ್ನು ಸುಳಿವು ಎಂದಷ್ಟೇ ಹಿಡಿಯಿರಿ, ಪ್ರತಿ ವೈರನ್ನೂ ಮಲ್ಟಿಮೀಟರಿನಲ್ಲಿ ನೋಡಿ. ಕೀ ಎಲ್ಲಿದ್ದರೂ 12 ವೋಲ್ಟ್ ಇರುವುದು ಬ್ಯಾಟರಿ ಲೈನ್. ಆನ್‌ನಲ್ಲೂ ಸೆಲ್ಫ್ ಹೊಡೆಯುವಾಗಲೂ ಇರುವುದು ಇಗ್ನಿಷನ್. ಆನ್‌ನಲ್ಲಿದ್ದು ಸೆಲ್ಫ್ ಹೊಡೆಯುವಾಗ ಸೊನ್ನೆಗಿಳಿಯುವುದು ಆ್ಯಕ್ಸೆಸರಿ. ಸೆಲ್ಫ್ ಹೊಡೆಯುವಾಗ ಮಾತ್ರ ಬರುವುದು ಸ್ಟಾರ್ಟರ್. ಸೆಲ್ಫ್ ಹೊಡೆಯುವಾಗ ಮೀಟರ್ ನೋಡದೆ, ಬರೀ ಆನ್ ಇಟ್ಟು ಅಳೆದರೆ ಇಗ್ನಿಷನ್, ಆ್ಯಕ್ಸೆಸರಿ ಎರಡೂ ಒಂದೇ ಥರ ಕಾಣುತ್ತವೆ. ಎಸಿ ಬರದ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟಿದವು.

ಟ್ಯಾಕ್ ವೈರ್ ಹುಡುಕಲೇಬೇಕಾ? ವೋಲ್ಟೇಜ್ ಮೋಡ್ ಇದೆಯಲ್ಲ?

ಎಂಜಿನ್ನಿನ ಆರ್‌ಪಿಎಂ ತಿಳಿಸುವ ವೈರ್ ಅದು, ಹುಡುಕುವುದೇ ಒಳ್ಳೆಯದು. ವೋಲ್ಟೇಜ್ ಮೋಡ್‌ನಲ್ಲಿ, ಎಂಜಿನ್ ಹತ್ತಿದ ಮೇಲೆ ಆಲ್ಟರ್ನೇಟರ್ 14 ವೋಲ್ಟ್ ಹತ್ತಿರ ಎತ್ತುವುದನ್ನು ನೋಡಿ ಮಾಡ್ಯೂಲ್ ಊಹಿಸುತ್ತದೆ. ಅಗತ್ಯ ನೋಡಿ ಚಾರ್ಜ್ ಮಾಡುವ ಈಗಿನ ಆಲ್ಟರ್ನೇಟರುಗಳಲ್ಲಿ ಆ ಏರಿಕೆ ತಡವಾಗಬಹುದು, ಆಗ ಊಹೆ ಕೈಕೊಡುತ್ತದೆ. ಓಡುತ್ತಿರುವ ಎಂಜಿನ್ ಮೇಲೆ ಸೆಲ್ಫ್ ಕರಕರ ಅನ್ನುವುದು ಆಗಲೇ. ಇಗ್ನಿಷನ್ ಕಾಯಿಲ್ ಅಥವಾ ಇಂಜೆಕ್ಟರಿನ ನಿಯಂತ್ರಣ ವೈರಿಗೆ ಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟ್‌ನಲ್ಲಿಟ್ಟು ಹಿಡಿಯಿರಿ. ಐಡ್ಲಿಂಗಿನಲ್ಲಿ ಸಾಮಾನ್ಯವಾಗಿ 1ರಿಂದ 6 ವೋಲ್ಟ್ ತೋರಿಸಿ, ಆಕ್ಸಿಲರೇಟರ್ ಒತ್ತಿದಂತೆ ಏರಿದರೆ ಅದೇ ಟ್ಯಾಕ್. ಜೋಡಿಸಿದ ಮೇಲೆ ಮಾಡ್ಯೂಲಿಗೆ ಕಲಿಸಬೇಕು. ಈ ಹೆಜ್ಜೆ ಬಿಟ್ಟರೆ ವೈರ್ ಹಾಕಿದ್ದೂ ದಂಡ. ಡೇಟಾ ಬೈಪಾಸೇ ಆರ್‌ಪಿಎಂ ಕೊಡುವ ಗಾಡಿಗಳಲ್ಲಿ ಈ ಹುಡುಕಾಟ ಬೇಕಿಲ್ಲ.

ಕ್ಯಾನ್ ಲೈನ್ ಮುಟ್ಟೋಕೆ ಭಯ. ಏನು ಎಚ್ಚರ ಬೇಕು?

ಗಾಡಿಯ ಕಂಪ್ಯೂಟರುಗಳು ಒಂದಕ್ಕೊಂದು ಸಂದೇಶ ಕಳಿಸುವ ಡೇಟಾ ಲೈನೇ ಕ್ಯಾನ್. ಎರಡು ವೈರ್ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಹೈ ಮತ್ತು ಲೋ. ಸಂದೇಶವಿಲ್ಲದಾಗ ಎರಡೂ 2.5 ವೋಲ್ಟ್, ಸಂದೇಶ ಹೋಗುವಾಗ ಹೈ 3.5ರತ್ತ, ಲೋ 1.5ರತ್ತ ಸರಿಯುತ್ತದೆ. ಹಾಗಾಗಿ ಮೀಟರಿನಲ್ಲಿ ಹೈ 2.5ಕ್ಕಿಂತ ಚೂರು ಮೇಲೆ, ಲೋ ಚೂರು ಕೆಳಗೆ ಕಾಣುತ್ತದೆ. ಬ್ಯಾಟರಿ ಕಳಚಿ ಎರಡರ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು, ಲೈನಿನ ಎರಡು ತುದಿಯಲ್ಲಿ ತಲಾ 120 ಓಮ್ ಇರುವುದರಿಂದ. ಹೈ-ಲೋ ಅದಲುಬದಲಾದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹತ್ತಿ ಕೂರುತ್ತವೆ. ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನು ಇಲ್ಲಿ ಹಚ್ಚಲೇಬೇಡಿ, ಅದು ಎಳೆಯುವ ಕರೆಂಟಿಗೆ ಕಂಪ್ಯೂಟರ್ ಕೆಡಬಹುದು. ಹೆಣಿಗೆಯನ್ನು ಅಗತ್ಯಕ್ಕಿಂತ ಉದ್ದ ಬಿಚ್ಚಬೇಡಿ, ಕೊಂಡಿಯ ವೈರ್ ಗಿಡ್ಡವಿರಲಿ.

ಸೋಲ್ಡರ್ ಮಾಡಬೇಕಾ, ಕ್ಲಿಪ್ ಕನೆಕ್ಟರ್ ಸಾಕಾ?

ವೈರಿನ ಮೇಲೆ ಕಚ್ಚಿಸಿ ಒತ್ತುವ ಕ್ಲಿಪ್‌ಗಳು ಎಳೆಗಳನ್ನು ಕತ್ತರಿಸುತ್ತವೆ, ಅಲುಗಾಟಕ್ಕೆ ಸಡಿಲವಾಗುತ್ತವೆ. 30 ಆಂಪ್ ಹರಿಯುವ ಇಗ್ನಿಷನ್ ಲೈನಿನಲ್ಲಿ ಬಿಸಿಯಾಗಿ ಕರಗಿದ ಉದಾಹರಣೆಗಳು ಸಾಕಷ್ಟಿವೆ. ಮೂಲ ವೈರನ್ನು ಕತ್ತರಿಸದೆ ಎರಡು ಸೆಂಟಿಮೀಟರಿನಷ್ಟು ಸುಲಿದು, ಎಳೆಗಳನ್ನು ಎರಡು ಪಾಲು ಮಾಡಿ, ನಡುವೆ ಹೊಸ ವೈರ್ ತೂರಿಸಿ ಬಿಗಿಯಾಗಿ ಸುತ್ತಿ ಸೋಲ್ಡರ್ ಮಾಡಿ. ಮೇಲೆ ಒಳ್ಳೆಯ ಟೇಪ್ ಸುತ್ತಿ, ಅದು ಬಿಚ್ಚಿಕೊಳ್ಳದಂತೆ ತುದಿಗೊಂದು ಕೇಬಲ್ ಟೈ ಹಾಕಿ. ಸೋಲ್ಡರ್ ಮಾಡಿದ ಜಾಗ ಬಾಗದಂತೆ ಹತ್ತಿರದ ವೈರ್ ಕಟ್ಟಿಗೆ ಸೇರಿಸಿ ಕಟ್ಟಿಬಿಡಿ. ಅಲುಗಿದರೆ ವೈರ್ ತುಂಡಾಗುವುದು ಸೋಲ್ಡರ್ ಮುಗಿಯುವ ಅಂಚಿನಲ್ಲೇ.

ಫ್ಯೂಸ್, ಅರ್ಥ್ ಎಲ್ಲಿ ಕೊಡಬೇಕು?

ಫ್ಯೂಸ್ ಕರೆಂಟ್ ಎತ್ತುವ ಜಾಗದ ಹತ್ತಿರವೇ ಇರಲಿ. ಎರಡು ಬ್ಯಾಟರಿ ಲೈನ್ ಇರುವ ಮಾಡ್ಯೂಲಿಗೆ ಎರಡನ್ನೂ ಕೊಡಿ, ಒಂದಕ್ಕೇ ಗಂಟು ಹಾಕಬೇಡಿ. ಅರ್ಥ್‌ಗೆ ಪೇಂಟ್ ಕೆರೆದ ಚಾಸಿಯ ಲೋಹವೇ ಬೇಕು, ರಿಂಗ್ ಟರ್ಮಿನಲ್ ಹಾಕಿ ಬೋಲ್ಟ್ ಬಿಗಿಯಿರಿ. ಡ್ಯಾಶ್‌ಬೋರ್ಡಿನ ತಗಡಿನ ಪಟ್ಟಿಯನ್ನು ನಂಬಿದರೆ ಅರ್ಥವಾಗದ ತೊಂದರೆಗಳೆಲ್ಲ ಶುರುವಾಗುತ್ತವೆ.

ಮಾಡ್ಯೂಲಿನ ಸಣ್ಣ ವೈರಿಂದ ನೇರ ದೊಡ್ಡ ಲೋಡ್ ಓಡಿಸಬಹುದಾ?

ಆಗದು. ಆ ಔಟ್‌ಪುಟ್‌ಗಳು ಸಾಮಾನ್ಯವಾಗಿ ಅರ್ಧ ಆಂಪ್ ಕೂಡ ತಡೆಯುವುದಿಲ್ಲ. ರಿಲೇ ಕಾಯಿಲ್ ಓಡಿಸಲಷ್ಟೇ ಇರುವಂಥವು. ಐದು ಕಾಲಿನ 30/40 ಆಂಪ್ ರಿಲೇ ಹಾಕಿ: 85, 86 ಕಾಯಿಲ್, 30 ಸಾಮಾನ್ಯ ಕಾಲು, 87 ಎಳೆದಾಗ ಸೇರುವುದು, 87ಎ ಬಿಟ್ಟಾಗ ಸೇರಿರುವುದು. ಕಾಯಿಲಿಗೆ ಅಡ್ಡಲಾಗಿ ಒಂದು ಆಂಪ್‌ನ 1ಎನ್4007 ಡಯೋಡ್ ಬೇಕು, ಗೆರೆಯಿರುವ ತುದಿ ಪಾಸಿಟಿವ್ ಕಡೆಗೆ. ರಿಲೇ ಬಿಡುವಾಗ ಕಾಯಿಲಿನಿಂದ ಹಿಂದಕ್ಕೆ ಚಿಮ್ಮುವ ವೋಲ್ಟೇಜ್ ಮಾಡ್ಯೂಲನ್ನು ಸುಡದಂತೆ ಅದು ತಡೆಯುತ್ತದೆ. ಡಯೋಡ್ ತಿರುಗುಮುರುಗಾದರೆ ರಿಲೇ ಎಳೆಯುವ ಮೊದಲ ಸಲವೇ ಶಾರ್ಟ್ ಆಗಿ ಮಾಡ್ಯೂಲಿನ ಔಟ್‌ಪುಟ್ ಹೋಗುತ್ತದೆ.

ಸ್ಟೇರಿಂಗ್ ಕೆಳಗಿನ ಹಳದಿ ವೈರಿಂಗ್ ಏನು?

ಏರ್‌ಬ್ಯಾಗಿನದು. ಮೀಟರ್ ಕೂಡ ಹಚ್ಚಬೇಡಿ, ಅದರ ಜೊತೆಗೆ ಬೇರೆ ವೈರ್ ಕಟ್ಟಬೇಡಿ. ಕವರ್ ತೆಗೆಯಲು ಆ ಕಪ್ಲರ್ ಬಿಚ್ಚಲೇಬೇಕಾದರೆ ಮೊದಲು ಬ್ಯಾಟರಿ ನೆಗೆಟಿವ್ ಕಳಚಿ, ಗಾಡಿಯ ಸರ್ವಿಸ್ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಕಪ್ಲರ್ ಮತ್ತೆ ಕೂರಿಸುವ ತನಕ ಕೀ ಆನ್ ಮಾಡಬೇಡಿ. ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತುತ್ತದೆ, ಅದನ್ನು ಆರಿಸಲು ಸ್ಕ್ಯಾನರ್ ಹಾಕಬೇಕಾಗಬಹುದು.